ಅಡ್ಡಸೊಪ್ಪಿನ ಕಣಿವೆ

ಹೊಂಬಳಗಟ್ಟದಿಂದ ಬರುವ ಬಸ್ಸು ಬೆಟ್ಟದ ಬುಡದ ಕೊನೆಯ ತಿರುವಿನಲ್ಲಿ ಜನರನ್ನು ಇಳಿಸಿ ಹಿಂದಿರುಗುತ್ತದೆ. ಅಲ್ಲಿಂದ ಮುಂದೆ ಕಾಲೇ ಗತಿ. ಮೊದಲು ದಿಂಡಿಗ, ತಾರೆ, ಹೊನ್ನೆ ಮರಗಳ ನೆರಳು ಸಿಗುತ್ತದೆ. ಏರುತ್ತ ಹೋದಂತೆ ಮರಗಳು ಕುಳ್ಳಾಗುತ್ತವೆ, ಆಮೇಲೆ ಎದೆಯೆತ್ತರದ ಹುಲ್ಲು, ಕೊನೆಗೆ ಎರಡು ಬೋಳು ಬೆಟ್ಟಗಳು ಭುಜ ತಾಗಿಸಿ ನಿಂತ ಕಡೆ ಬರೀ ಕಲ್ಲುಹಾಸಿನ ಒಂದು ಕಣಿವೆ. ಅಲ್ಲಿ ದಾರಿ ಕವಲೊಡೆಯುತ್ತದೆ. ಒಂದು ದಾರಿ ಮೂಡಲಿಗೆ ಇಳಿದು ಕೊಂಗುನಾಡಿನ ಬಯಲಿಗೆ ಹೋಗುತ್ತದೆ. ಇನ್ನೊಂದು ಎರಡು ದೊಡ್ಡ ಬಂಡೆಗಳ ನಡುವಿನ ಸಂದಿಯಲ್ಲಿ ನುಗ್ಗಿ ಜೇನರೆ ಎಂಬ ನೆಟ್ಟನೆಯ ಕಡಿಬಂಡೆಯ ಕಡೆಗೆ ತಿರುಗುತ್ತದೆ. ಆ ಸಂದಿಯ ಬಾಯಲ್ಲಿ ಆಳೆತ್ತರದ ಸೊಪ್ಪಿನ ಗುಡ್ಡೆಯಿದೆ. ತಳದ್ದು ಕೊಳೆತು ಮಣ್ಣಾಗಿದೆ, ಮೇಲಿನದು ನಿನ್ನೆ ಮುರಿದದ್ದು. ಪಕ್ಕದಲ್ಲಿ ಬಣ್ಣ ಬಳಿದ ಒಂದು ಹಲಗೆ. ಇಲ್ಲಿ ಒಬ್ಬ ಋಷಿ ಎಲೆ ಹೊದ್ದು ತಪಸ್ಸು ಮಾಡಿದನಂತೆ, ಅವನಿಗೆ ಸೊಪ್ಪಮ್ಮ ದೇವಿ ಒಲಿದಳಂತೆ, ಒಂದು ಕೊಂಬೆ ಸೊಪ್ಪು ಹಾಕಿ ಬೇಡಿಕೊಂಡರೆ ನೆನೆಸಿದ್ದು ನೆರವೇರುತ್ತದಂತೆ. ಬಂದವರು ದಾರಿಯಲ್ಲಿ ಕೈಗೆಟುಕಿದ ಗಿಡ ಮುರಿದು ತಂದು ಎಸೆಯುತ್ತಾರೆ, ಕೈ ಮುಗಿಯುತ್ತಾರೆ, ಫೋಟೋ ತೆಗೆಸಿಕೊಂಡು ನಗುತ್ತ ಹೋಗುತ್ತಾರೆ.

ಈ ಜಾಗದ ಹೆಸರು ಅಡ್ಡಸೊಪ್ಪಿನ ಕಣಿವೆ. ಹಲಗೆ ಬರೆಸಿದವರಿಗೆ ಹೆಸರನ್ನು ಬದಲಿಸಲು ಆಗಲಿಲ್ಲ, ಏಕೆಂದರೆ ಅದು ಸುತ್ತಲಿನ ಎಲ್ಲರ ಬಾಯಲ್ಲಿದೆ. ಆದ್ದರಿಂದ ಕಥೆಯನ್ನು ಬದಲಿಸಿದರು. ಇಲ್ಲಿ ಯಾವ ಋಷಿಯೂ ತಪಸ್ಸು ಮಾಡಲಿಲ್ಲ, ಯಾವ ದೇವಿಯೂ ಯಾರಿಗೂ ಒಲಿಯಲಿಲ್ಲ. ಇಲ್ಲಿ ಜನ ಸತ್ತರು. ಅವರನ್ನು ಕೊಂದವರಿದ್ದರು. ಅದು ಹೇಗಾಯಿತು ಎಂಬುದನ್ನು ಪೋಡಿನ ಹಿರಿಯರು ಇಂದಿಗೂ ಹೇಳುತ್ತಾರೆ.

ಹಿಂದೆ ಒಮ್ಮೆ, ಹೊಂಬಳಗಟ್ಟದಲ್ಲಿ ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಕಣಿವೆಯ ಕೆಳಗಿನ ಕಾಡಿನಲ್ಲಿ ಒಂದು ಪೋಡು ಇತ್ತು. ಪೋಡು ಎಂದರೆ ಬೆಟ್ಟದ ಜನರ ಊರು: ಬಿದಿರು ತಟ್ಟಿಯ ಕೆಲವು ಗುಡಿಸಲು, ಸುತ್ತ ರಾಗಿ, ಅವರೆ ಚೆಲ್ಲಿದ ತುಂಡು ನೆಲ. ಆ ಪೋಡಿನಲ್ಲಿ ಅಚ್ಚುಗ ಎಂಬವನಿದ್ದ. ದಾರಿ ತೋರಿಸುವುದು ಅವನ ಕೆಲಸ, ಅವನ ಅಪ್ಪನ ಕೆಲಸವೂ ಅದೇ. ಬಯಲಿನ ವ್ಯಾಪಾರಿಗಳು ಎತ್ತಿನ ಮೇಲೆ ಹೆಸರು, ಹುರುಳಿ ಹೇರಿಕೊಂಡು ಬೆಟ್ಟದ ಬುಡಕ್ಕೆ ಬಂದು ಕೂಗು ಹಾಕುತ್ತಿದ್ದರು. ಅಚ್ಚುಗ ಮಚ್ಚು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು ಬಂದು ಅವರನ್ನು ಕಣಿವೆ ದಾಟಿಸಿ ಕೊಂಗುನಾಡಿಗೆ ಮುಟ್ಟಿಸುತ್ತಿದ್ದ. ಉಪ್ಪು, ಬಟ್ಟೆ ಹೇರಿಕೊಂಡು ಹಿಂದಿರುಗುವಾಗ ಮತ್ತೆ ಕರೆತರುತ್ತಿದ್ದ. ಕೂಲಿಯೆಂದರೆ ಒಂದಷ್ಟು ಉಪ್ಪು, ಹಳೆಯ ಪಂಚೆ, ಅವರ ಬುತ್ತಿಯಲ್ಲಿ ಉಳಿದ ಮುದ್ದೆ. ಅವನು ಸದಾ ಮುಂದೆ ನಡೆಯುತ್ತಿದ್ದ, ತನ್ನಷ್ಟಕ್ಕೆ ತಾನೇ ಗಟ್ಟಿಯಾಗಿ ಮಾತಾಡಿಕೊಳ್ಳುತ್ತ. ಮಾತು ಆನೆಗೆ. ಮನುಷ್ಯ ಬರುತ್ತಿದ್ದಾನೆ ಎಂದು ಮೊದಲೇ ತಿಳಿದರೆ ಆನೆ ತಾನಾಗಿ ಸರಿದುಕೊಳ್ಳುತ್ತದೆ. ಸದ್ದಿಲ್ಲದೆ ಎದುರಾದರೆ ತುಳಿಯುತ್ತದೆ. ಲದ್ದಿ ಕಂಡರೆ ಬರಿಗಾಲನ್ನು ಅದರ ಮೇಲಿಟ್ಟು ಬಿಸಿ ನೋಡುತ್ತಿದ್ದ. ಗಾಳಿ ತಿರುಗಿದರೆ ನಿಲ್ಲುತ್ತಿದ್ದ. ತನ್ನ ಕೆಲಸದ ಬಗ್ಗೆ ಅವನಿಗೆ ಬಹಳ ಜಂಬ. ಏದುಸಿರು ಬಿಡುತ್ತ ಹಿಂದೆ ಬೀಳುವ ವ್ಯಾಪಾರಿಗಳನ್ನು ಕಾಡಿಸುವುದೆಂದರೆ ಇನ್ನೂ ಇಷ್ಟ. “ಬೇಗ ಬನ್ನಿ ಶೆಟ್ಟರೆ, ನಿಮ್ಮ ಹೊಟ್ಟೆ ಆಗಲೇ ಕಣಿವೆ ಮುಟ್ಟ್ಯದೆ, ನೀವೇ ಹಿಂದೆ ಉಳಕೊಂಡ್ರಿ” ಎನ್ನುತ್ತಿದ್ದನಂತೆ. ಅವರು ಬೈಯುತ್ತಿದ್ದರು, ಆದರೆ ಅವನಿಲ್ಲದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ.

ಬೆಟ್ಟದ ದಾರಿಗಳಿಗೆ ಆಗ ಒಂದು ಕಟ್ಟಳೆಯಿತ್ತು. ಕವಲು ಬಂದಾಗ ಹೋಗಬಾರದ ದಾರಿಗೆ ದಾರಿ ತೋರಿಸುವವನು ಒಂದು ಹಸಿ ಕೊಂಬೆ ಕಡಿದು ಅಡ್ಡ ಹಾಕುತ್ತಿದ್ದ. ಇದೇ ಅಡ್ಡಸೊಪ್ಪು. ಆ ಕಡೆ ಮದ ಬಂದ ಆನೆ ಇರಬಹುದು, ಬಂಡೆ ಜರಿದಿರಬಹುದು, ಮರಿ ಹಾಕಿದ ಕರಡಿ ಇರಬಹುದು. ಏನಿದೆಯೆಂದು ಯಾರೂ ಕೇಳುತ್ತಿರಲಿಲ್ಲ. ಯಾವ ಕಡೆಯಿಂದ ಬಂದವನಾದರೂ ಸೊಪ್ಪಿನ ಮುಂದೆ ನಿಲ್ಲಬೇಕು. ಹಾಕಿದವನು ಕೊಂಬೆಯ ಬುಡದಲ್ಲಿ ತನ್ನ ಕಚ್ಚು ಹಾಕಿರುತ್ತಿದ್ದ, ಯಾರ ಸೊಪ್ಪೆಂದು ಅದರಿಂದ ತಿಳಿಯುತ್ತಿತ್ತು. ಅದನ್ನು ಹಾಕಿದವನೇ ಬಂದು ಎತ್ತಬೇಕು, ಬೇರೆಯವರು ಮುಟ್ಟುವಂತಿಲ್ಲ. ಏಕೆಂದರೆ ಆ ಕಡೆ ಏನಿದೆ ಎಂದು ಬಲ್ಲವನು ಅವನೊಬ್ಬನೇ. ಅದು ಹೋಯಿತೇ ಇದೆಯೇ ಎಂದು ಹೇಳಬೇಕಾದವನೂ ಅವನೇ. ಒಮ್ಮೆ ಅಚ್ಚುಗನ ಭಾವ ಜೇನಿನ ಕಾಲದಲ್ಲಿ ಒಂದು ದಾರಿಗೆ ಸೊಪ್ಪು ಹಾಕಿ ಬಂದವನು ಚಳಿಜ್ವರದಲ್ಲಿ ಮಲಗಿಬಿಟ್ಟ. ಅವನು ಎದ್ದು ಹೋಗಿ ಎತ್ತುವಷ್ಟರಲ್ಲಿ ಆ ವರ್ಷದ ಜೇನೆಲ್ಲ ಕರಡಿಯ ಪಾಲಾಗಿತ್ತು. ಇಡೀ ಪೋಡು ಬಾಯಿಗೆ ಬಂದಂತೆ ಬೈದಿತು. ಆದರೆ ಸೊಪ್ಪು ದಾಟಿ ಹೋದವರು ಒಬ್ಬರೂ ಇರಲಿಲ್ಲ. ಅಂದು ಅಚ್ಚುಗನ ಹೆಂಡತಿ ಬೇದಿ ನಕ್ಕು ಗಂಡನಿಗೆ ಹೇಳಿದಳಂತೆ: “ನಮ್ಮ ಬಾಗಿಲಿಗೂ ಒಂದು ಕೊಂಬೆ ಅಡ್ಡ ಹಾಕ್ಬುಡು ಕನಯ್ಯ. ನಿನ್ನ ಅಕ್ಕ ಒಂದೆರಡು ದಿನನಾದ್ರೂ ಬರದೆ ಇರ್ಲಿ.” ಪಕ್ಕದ ಗುಡಿಸಲಿನಲ್ಲೇ ಇದ್ದ ಅಕ್ಕ, “ಹಾಕ್ಲಿ, ಹಾಕ್ಲಿ. ನೀನೂ ಒಳಗೇ ಉಳ್ಕೋತೀಯ, ರಾಗಿ ಬೀಸೋಕೆ ನನ್ ಕಲ್ಲು ಕೇಳ್ಬೇಡ” ಎಂದಳಂತೆ. ಇಂಥ ಮಾತುಗಳನ್ನು ಪೋಡಿನವರು ಇಂದಿಗೂ ನೆನಪಿಟ್ಟುಕೊಂಡಿದ್ದಾರೆ. ಸತ್ತವರು ಬರೀ ಸತ್ತವರಲ್ಲ, ನಕ್ಕವರೂ ಹೌದು ಎಂದು ಹೇಳುವುದಕ್ಕಿರಬೇಕು.

ಹೊಂಬಳಗಟ್ಟದ ಕೋಟೆಯನ್ನು ಪಾಳೆಯಗಾರ ಕಟ್ಟಿಸಿದ ಎಂದು ಹಾಡುತ್ತಾರೆ. ಅವನು ಒಂದು ಕಲ್ಲನ್ನೂ ಎತ್ತಲಿಲ್ಲ. ಅವನ ಕಡೆಯವರು ಬಯಲಿನ ಊರುಗಳಿಂದ ಬಿಟ್ಟಿ ಆಳುಗಳನ್ನು ಎಳೆತಂದರು, ಅವರು ಸಾಲದಾದಾಗ ಬೆಟ್ಟ ಹತ್ತಿದರು. ಬಿಟ್ಟಿ ಎಂದರೆ ಕೂಲಿಯಿಲ್ಲದ ದುಡಿಮೆ. ಹೊಡೆತ ಮಾತ್ರ ಉಂಟು. ಪೋಡಿನ ಗಂಡಸರನ್ನು, ಹೆಂಗಸರನ್ನು ಹಗ್ಗಕ್ಕೆ ಸಾಲಾಗಿ ಕಟ್ಟಿ ಇಳಿಸಿದರು. ಬೆಟ್ಟದ ತಂಪಿನಲ್ಲಿ ಹುಟ್ಟಿದವರು ಬಯಲಿನ ಬಿಸಿಲಿನಲ್ಲಿ ಕಲ್ಲು ಹೊತ್ತರು. ಕೆಲವರು ಕಲ್ಲಿನಡಿ ಸತ್ತರು, ಕೆಲವರು ಹೊಟ್ಟೆ ಕೆಟ್ಟು ಸತ್ತರು. ಅಚ್ಚುಗನ ಭಾವ ಅಲ್ಲೇ ಸತ್ತ. ಅವನ ಹೆಣವನ್ನು ಮಣ್ಣಿನ ಜೊತೆ ಗೋಡೆಯೊಳಗೆ ಹಾಕಿದರೆಂದು ಹೇಳುತ್ತಾರೆ. ಅದು ನಿಜವೋ ಸುಳ್ಳೋ, ಅವನ ಹೆಣ ಮಾತ್ರ ಬೆಟ್ಟಕ್ಕೆ ಬರಲಿಲ್ಲ. ಬೇಸಿಗೆ ಏರುತ್ತಿದ್ದ ಹೊತ್ತಿಗೆ, ಒಂದು ಮುಂಜಾನೆ, ಉಳಿದವರು ಕಾವಲಿನವರ ಕಣ್ಣು ತಪ್ಪಿಸಿ ಓಡಿಬಂದರು. ಪೋಡಿಗೆ ಹೋದರೆ ಮತ್ತೆ ಹಿಡಿಯುತ್ತಾರೆಂದು ಮಕ್ಕಳು ಮುದುಕರನ್ನೆಲ್ಲ ಕರೆದುಕೊಂಡು ಕಣಿವೆಯಾಚೆಯ ಜೇನರೆಯ ಗವಿ ಸೇರಿದರು. ಆ ಗವಿಗೆ ಇರುವುದು ಒಂದೇ ದಾರಿ, ಕಣಿವೆಯ ಬಂಡೆಸಂದಿ. ಮೇಲೆ ಕಡಿಬಂಡೆ, ಕೆಳಗೆ, ಬಿದ್ದರೆ ಮೂಳೆ ಸಿಗದಂಥ ಇಳಿಜಾರು, ಅದರ ತುಂಬ ಒಣ ಹುಲ್ಲು.

ಅಚ್ಚುಗ ಗವಿಗೆ ಹೋಗಲಿಲ್ಲ. ದಾರಿ ತೋರಿಸುವವನೆಂದು ಅವನನ್ನು ಬಿಟ್ಟಿಗೆ ಹಿಡಿದಿರಲಿಲ್ಲ. ಅವನೂ ಮಾಯವಾದರೆ ಎಲ್ಲರೂ ಎಲ್ಲಿಗೋ ಒಟ್ಟಾಗಿ ಹೋಗಿದ್ದಾರೆಂದು ತಿಳಿದುಬಿಡುತ್ತಿತ್ತು. ಕೆಳಗೇ ಉಳಿದು ವ್ಯಾಪಾರಿಗಳಿಂದ ಸಿಕ್ಕ ಉಪ್ಪು, ಕಾಳುಗಳನ್ನು ಗವಿಗೆ ಮುಟ್ಟಿಸುವುದೆಂದು ಮಾತಾಯಿತು. ಬೇದಿ ಅವರೊಂದಿಗೆ ಹೊರಟಳು. ಸಂದಿಯ ಬಾಯವರೆಗೆ ಅವನೂ ಹೋದ. “ಯಾರು ಕೂಗಿದ್ರೂ ಈಚೆಗೆ ಬರ್ಬೇಡಿ. ನಾನೇ ಬಂದು ಕರೀತೀನಿ” ಎಂದ. ಬೇದಿ ಅವನ ಮುಖವನ್ನೇ ನೋಡಿ, “ನೀನು ಬರೋಗಂಟ ನಾವು ಬರಲ್ಲ. ಆದ್ರೆ ನೀನು ಬರ್ಬೇಕು ಕನಯ್ಯ” ಎಂದಳು.

ಓಡಿಹೋದವರನ್ನು ಹಿಡಿದು ತರಲು ಪಾಳೆಯಗಾರನು ಮುದ್ದರಸ ಎಂಬ ಸರದಾರನನ್ನು ಕಾವಲಿನ ಆಳುಗಳೊಂದಿಗೆ ಕಳಿಸಿದ. ಈ ಮುದ್ದರಸ ಕುದುರೆ ಕೊಳ್ಳಲು ಹಲವು ಸಲ ಕೊಂಗುನಾಡಿಗೆ ಹೋಗಿಬಂದವನು, ಪ್ರತಿ ಸಲವೂ ಅಚ್ಚುಗನ ಬೆನ್ನ ಹಿಂದೆ. ಅವನು ಕೆಟ್ಟ ಮುಖದವನಲ್ಲ, ನಗುಮುಖದವನು. “ನಮ್ಮ ಅಚ್ಚುಗ” ಎಂದೇ ಕರೆಯುತ್ತಿದ್ದ. ಇಂಥವರಿಂದಲೇ ಹೆಚ್ಚು ಕೇಡು. ಖಾಲಿ ಪೋಡಿನಲ್ಲಿ ಅಚ್ಚುಗ ಒಬ್ಬನೇ ಬಿದಿರು ಸೀಳುತ್ತ ಕುಳಿತಿದ್ದ. ಮುದ್ದರಸ ಬಂದು ಎದುರಿಗೆ ಕಲ್ಲಿನ ಮೇಲೆ ಕುಳಿತ.

“ಏನಪ್ಪ ಅಚ್ಚುಗ, ಊರೆಲ್ಲ ಎಲ್ಲಿ?”

“ನಾ ಕಾಣೆ ಬುದ್ದಿ. ನೀವು ಹಿಡ್ಕೊಂಡು ಹೋದ್ರಿ, ನೀವೇ ಕೇಳ್ತೀರಿ.”

“ಬಾಯಿ ಜೋರಾಗ್ಯದೆ ನಿಂದು. ನಿನ್ನ ಹೆಂಡ್ತಿ?”

“ತೌರಿಗೆ ಹೋಗವಳೆ. ಮೂಡಲ ಕಡೆ ಹಳೆ ಪೋಡಿಗೆ.”

“ಹಂಗಾದ್ರೆ ಉಳಿದವರೂ ಅಲ್ಲೇ ಇರ್ತಾರೆ. ನಡಿ, ನಿನ್ನ ಹೆಂಡ್ತೀನ ಕರ್ಕೊಂಡು ಬರಾನ” ಎಂದು ಮುದ್ದರಸ ನಕ್ಕ.

ಅಚ್ಚುಗ ಬಯಸಿದ್ದೂ ಅದನ್ನೇ. ಮೂಡಲ ಇಳಿಜಾರಿನ ಹಳೆಯ ಪೋಡು ಪಾಳುಬಿದ್ದು ಎಷ್ಟೋ ಕಾಲವಾಗಿತ್ತು. ಅವರನ್ನು ಅಲ್ಲಿಗೆ ಕರೆದೊಯ್ದು ಅಲೆಸಿ, ಸುಸ್ತು ಮಾಡಿಸಿ, ಕೊಂಗುನಾಡಿಗೆ ಓಡಿಹೋಗಿರಬೇಕೆಂದು ನಂಬಿಸಿ ವಾಪಸು ಕಳಿಸುವುದು ಅವನ ಲೆಕ್ಕ. ಒಂದೇ ಭಯವೆಂದರೆ ಕಣಿವೆಯ ಕವಲು. ಅಲ್ಲಿ ಯಾರಾದರೂ ಸಂದಿಯೊಳಗೆ ಇಣುಕಿದರೆ ಮುಗಿಯಿತು. ಕಣಿವೆ ಹತ್ತಿರವಾದಾಗ ಅವನು ಎಂದಿನಂತೆ, “ಆನೆ ಅದಾವಾ ನೋಡ್ಕಂಡು ಬತ್ತೀನಿ, ನಿಲ್ಲಿ ಬುದ್ದಿ” ಎಂದು ಮುಂದೆ ಓಡಿದ. ಹುಲ್ಲಿನಂಚಿನ ಕುಳ್ಳು ಮರದಿಂದ ಒಂದು ನೇರಳೆ ಕೊಂಬೆ ಕಡಿದ, ಬುಡದಲ್ಲಿ ತನ್ನ ಕಚ್ಚು ಹಾಕಿದ, ಸಂದಿಯ ಬಾಯಿಗೆ ಅಡ್ಡ ಮಲಗಿಸಿದ. ಕೈ ತಾನಾಗಿ ಮಾಡಿದ ಕೆಲಸ ಅದು. ಹುಟ್ಟಿದಾಗಿನಿಂದ ಅವನು ಮುಂದೆ ನಡೆದವನು. ಅಡ್ಡಸೊಪ್ಪು ಹಾಕುವಾಗ ಅವನ ಮನಸ್ಸಿನಲ್ಲಿರುತ್ತಿದ್ದವರು ಬೆನ್ನ ಹಿಂದೆ ಬರುವವರು. ಸೊಪ್ಪಿನ ಒಳಮಗ್ಗುಲಲ್ಲಿ ಯಾರಾದರೂ ಇರಬಹುದೆಂದು ಯೋಚಿಸಬೇಕಾದ ದಿನ ಅವನ ಬಾಳಿನಲ್ಲಿ ಅದಕ್ಕೆ ಮೊದಲು ಬಂದಿರಲಿಲ್ಲ.

ಮುದ್ದರಸ ಕಣಿವೆಗೆ ಬಂದ, ಸೊಪ್ಪು ನೋಡಿದ. “ಏನದೆ ಆ ಕಡೆ?” ಎಂದ. “ಬಂಡೆ ಜರಿದದೆ ಬುದ್ದಿ, ಜೇನೂ ಕೆರಳ್ಯವೆ” ಎಂದ ಅಚ್ಚುಗ. ಸರದಾರನಿಗೂ ಆ ಗುರುತು ಹೊಸದಲ್ಲ, ಅದನ್ನು ನಂಬಿಯೇ ಎಷ್ಟೋ ಸಲ ಜೀವ ಉಳಿಸಿಕೊಂಡಿದ್ದ. ಆಳುಗಳನ್ನು ಮೂಡಲ ದಾರಿಗೆ ತಿರುಗಿಸಿದ. ಅಚ್ಚುಗನಿಗೆ ಒಳಗೊಳಗೇ ನಗು ಬಂತಂತೆ. ತನ್ನ ಕೈಯ ಒಂದು ಕೊಂಬೆಗೆ ಪಾಳೆಯಗಾರನ ಪಡೆಯೇ ಬಾಗಿ ಹೋಯಿತಲ್ಲ ಎಂದುಕೊಂಡ.

ಹಳೆಯ ಪೋಡಿನಲ್ಲಿ ಏನಿತ್ತು? ಕುಸಿದ ತಟ್ಟಿ, ಗೆದ್ದಲು ಹಿಡಿದ ಕಂಬ, ಒಲೆಗಳಲ್ಲಿ ಬೆಳೆದ ಹುಲ್ಲು. ಮುದ್ದರಸ ಒಂದು ಒಲೆಯನ್ನು ಕಾಲಿನಿಂದ ಕೆದಕಿದ. ಅವನ ಮುಖದ ನಗು ಹಾಗೇ ಇತ್ತು, ಧ್ವನಿ ಮಾತ್ರ ಬೇರೆಯಾಯಿತು. “ನಿನ್ನ ಹೆಂಡ್ತಿ ತೌರು ಇದೇನಾ? ಒಳ್ಳೆ ಮನೆತನ ಕನ್ಲಾ” ಎಂದ. ಆಳುಗಳು ನಕ್ಕರು. ಅಚ್ಚುಗನನ್ನು ಹೊನ್ನೆ ಮರಕ್ಕೆ ಕಟ್ಟಿ ಹೊಡೆದರು. ಎಲ್ಲಿ ಎಂದು ಕೇಳಿದರು, ಹೊಡೆದರು, ಮತ್ತೆ ಕೇಳಿದರು. ಅವನು ಬಾಯಿ ಬಿಡಲಿಲ್ಲ. ಆಗ ಮುದ್ದರಸ ಬೆಟ್ಟದ ಕಡೆ ಕಣ್ಣು ಹಾಯಿಸಿದ. ಬೇಸಿಗೆಯ ಹುಲ್ಲು ಮೇಲಿನ ಜೇನರೆಯ ಬಂಡೆಗಳವರೆಗೆ ಹಳದಿಯಾಗಿ ಒಣಗಿ ನಿಂತಿತ್ತು, ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತಿತ್ತು. “ಇವನ್ನ ಹೊಡ್ದು ಕೈ ಯಾಕೆ ನೋಯಿಸ್ಕೊತೀರಾ? ಮೊಲ ಎಬ್ಬಿಸೋ ಹಂಗೆ ಎಬ್ಬಿಸಿ. ಎಲ್ಲೇ ಅವಿತಿದ್ರೂ ಕೆಮ್ಕೊಂಡು ಈಚೆಗೆ ಬತ್ತಾರೆ” ಎಂದ. ಆಳುಗಳು ಇಳಿಜಾರಿನ ಉದ್ದಕ್ಕೂ ಬೆಂಕಿಯಿಟ್ಟರು.

ಬೆಂಕಿ ಹತ್ತಿದ್ದನ್ನು ಕಂಡಾಗ ಅಚ್ಚುಗನಿಗೆ ಮೊದಲು ಸಮಾಧಾನವಾಯಿತು ಎನ್ನುತ್ತಾರೆ. ಗವಿಗೆ ಬೆಂಕಿ ಮುಟ್ಟದು, ಅದರ ಸುತ್ತ ಬರೀ ಕಲ್ಲು. ಹೊಗೆ ನುಗ್ಗುತ್ತದೆ, ಹೊಗೆ ನುಗ್ಗಿದರೆ ಅವರು ಸಂದಿ ಹಿಡಿದು ಕಣಿವೆಗೆ ಬರುತ್ತಾರೆ, ಅಲ್ಲಿ ಗಾಳಿಯಿದೆ. ಸಿಕ್ಕಿಬೀಳುತ್ತಾರೆ. ಮತ್ತೆ ಕಲ್ಲು ಹೊರುತ್ತಾರೆ. ಆದರೆ ಬದುಕಿರುತ್ತಾರೆ, ಬದುಕಿದ್ದರೆ ಮತ್ತೆ ಓಡಬಹುದು. ಹೀಗೆಂದುಕೊಂಡು ಅವನು ಉಸಿರು ಬಿಟ್ಟ. ಆ ಉಸಿರು ಮುಗಿಯುವ ಮೊದಲೇ ಅವನ ಕಣ್ಣ ಮುಂದೆ ತಾನು ಹಾಕಿ ಬಂದ ನೇರಳೆ ಕೊಂಬೆ ಬಂತು.

ಅವನು ಕಿರುಚಿದ್ದು ಕೇಳಿ ಆಳುಗಳು ಹಾವು ಕಚ್ಚಿತೆಂದುಕೊಂಡರಂತೆ. ಅಷ್ಟು ಹೊಡೆದರೂ ಬಿಡದ ಬಾಯಿ ಬಿಟ್ಟ. “ಜೇನರೆ ಗವೀಲಿ ಅವರೆ ಬುದ್ದಿ. ಎಲ್ರೂ ಅಲ್ಲೇ ಅವರೆ. ನನ್ನ ಬಿಡಿ. ಸೊಪ್ಪು ಎತ್ತಬೇಕು. ಸೊಪ್ಪು ಎತ್ತಿ ನಾನೇ ಅವ್ರನ್ನ ನಿಮ್ಮ ಕೈಗೆ ಕೊಡ್ತೀನಿ, ಕೋಟೆಗೆ ನಾನೇ ಕರ್ಕೊಂಡು ಬತ್ತೀನಿ, ಬಿಡಿ ಬುದ್ದಿ.” ಮುದ್ದರಸ ಅವನನ್ನು ನೋಡಿ ನೋಡಿ ಗಹಗಹಿಸಿ ನಕ್ಕ. “ಮೇಕೆಮರಿ ದಾಟೋ ಕೊಂಬೆ ಕನೋ ಅದು! ಮೈಗೆ ಹೊಗೆ ಹತ್ತಿದ್ರೆ ಯಾವನು ಸೊಪ್ಪು ನೋಡ್ತಾನೆ? ನಿನ್ನ ಬಿಟ್ರೆ ಮುಂದೆ ಓಡಿ ಅವ್ರನ್ನ ಬೇರೆ ಕಡೆ ದಾಟಿಸ್ತೀಯ. ನಂಗೊತ್ತಿಲ್ವಾ ನಿನ್ನ ಕಾಲು?” “ಬೇರೆ ಕಡೆ ದಾರೀನೇ ಇಲ್ಲ ಬುದ್ದಿ. ಕಟ್ಕೊಂಡೇ ಕರ್ಕೊಂಡು ಹೋಗಿ. ಹಗ್ಗ ನಿಮ್ಮ ಕೈಲೇ ಇರ್ಲಿ” ಎಂದ ಅಚ್ಚುಗ. ಮುದ್ದರಸ ಕೇಳಲಿಲ್ಲ. ಕೆಲವು ಆಳುಗಳನ್ನು ಕಣಿವೆಗೆ ಕಳಿಸಿದ: ಹೊರಗೆ ಬಂದಂತೆ ಒಬ್ಬೊಬ್ಬರನ್ನೇ ಹಿಡಿದು ಕಟ್ಟಿ ಎಂದ. ಅಚ್ಚುಗನನ್ನು ಮರದಲ್ಲೇ ಬಿಟ್ಟ.

ಕಣಿವೆಯಲ್ಲಿ ಆದದ್ದನ್ನು ಹೇಳಿದವನು ಆ ಆಳುಗಳಲ್ಲೇ ಒಬ್ಬ, ಚೆಲುವ ಎಂಬ ಮುದುಕ. ಅವನು ಆಮೇಲೆ ಪಾಳೆಯಗಾರನ ಚಾಕರಿ ಬಿಟ್ಟು ಬೆಟ್ಟದ ಬುಡದಲ್ಲಿ ದನ ಕಾಯುತ್ತ ಸತ್ತ ಎನ್ನುತ್ತಾರೆ. ಅವರು ಹೋಗಿ ನಿಂತಾಗ ಹೊಗೆ ಆಗಲೇ ಸಂದಿಯೊಳಗೆ ತುಂಬಿತ್ತು. ಎರಡು ಬಂಡೆಗಳ ನಡುವೆ ಅದು ಒಲೆಯ ಹೊಗೆಗಂಡಿಯಲ್ಲಿ ನುಗ್ಗುವಂತೆ ನುಗ್ಗಿ ಬರುತ್ತಿತ್ತು. ಒಳಗಿನಿಂದ ಕೆಮ್ಮು ಕೇಳಿಸಿತು, ಮಕ್ಕಳ ಅಳು ಕೇಳಿಸಿತು. ಜನ ಬಂದರು. ಆಳುಗಳು ಹಗ್ಗ ಹಿಡಿದು ಸಿದ್ಧರಾದರು. ಜನ ಸೊಪ್ಪಿನವರೆಗೆ ಬಂದರು, ನಿಂತರು. ಮುಂದೆ ಒಬ್ಬ ಹೆಂಗಸು ಬಗ್ಗಿ ಕೊಂಬೆಯ ಬುಡ ನೋಡಿದಳು. ತಲೆಯೆತ್ತಿ ಹೊರಗೆ ನೋಡಿದಳು. ಹೊರಗೆ ಹಗ್ಗ ಹಿಡಿದ ಆಳುಗಳು. ಅವಳು ಹಿಂದೆ ತಿರುಗಿ ಏನೋ ಹೇಳಿದಳು. ಎಲ್ಲರೂ ಸೊಪ್ಪಿನ ಒಳಮಗ್ಗುಲಲ್ಲಿ ಕುಳಿತುಬಿಟ್ಟರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಇದನ್ನು ಕೇಳಿದ ಬಯಲಿನ ಜನ, ಎಂಥ ಮೂಢರು, ಒಂದು ಕೊಂಬೆ ದಾಟದೆ ಸತ್ತರಲ್ಲ ಎನ್ನುತ್ತಾರೆ. ಅಡ್ಡಸೊಪ್ಪು ಏನು ಹೇಳುತ್ತದೆ? ಈ ಕಡೆ ಸಾವಿದೆ, ದಾಟಬೇಡ ಎನ್ನುತ್ತದೆ. ಅವರು ತಲೆಯೆತ್ತಿ ನೋಡಿದಾಗ ಎದುರಿಗೆ ನಿಂತಿದ್ದವರು ತಮ್ಮವರನ್ನು ಕಲ್ಲಿನಡಿ ಕೊಂದವರು. ಸೊಪ್ಪು ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು. ಅಚ್ಚುಗ ತಮ್ಮನ್ನು ಎಚ್ಚರಿಸಿದ್ದಾನೆ, ಎಲ್ಲೋ ಹತ್ತಿರದಲ್ಲೇ ಇದ್ದಾನೆ, ದಾರಿ ಮಾಡಿಕೊಂಡು ಬರುತ್ತಾನೆ ಎಂದು ಅವರು ನಂಬಿದರು. ಅದು ಮೂಢತನವಲ್ಲ, ನಂಬಿಕೆ. ಬೆಂಕಿಯಿಟ್ಟವರನ್ನು ಜಾಣರೆಂದೂ ನಂಬಿ ಕುಳಿತವರನ್ನು ಮೂಢರೆಂದೂ ಕರೆಯುವ ನಾಲಿಗೆ ಯಾರದೆಂದು ಕೇಳಿಕೊಳ್ಳಬೇಕು.

ಚೆಲುವ ಹೊಗೆಯೊಳಗೆ ಕೂಗಿದ: “ಬನ್ನಿ ಕನ್ರವ್ವಾ, ಹೊಡೆಯಲ್ಲ. ಮಕ್ಳನ್ನಾದ್ರೂ ಕೊಡಿ.” ಒಳಗಿನಿಂದ ಬೇದಿಯ ದನಿ ಬಂತು: “ಸೊಪ್ಪು ಅಚ್ಚುಗಂದು. ಅವನೇ ಬಂದು ಎತ್ಲಿ.” ಅವನು ಮತ್ತೆ ಕೂಗಿದ. ಅವಳು ಮತ್ತೆ ಅದನ್ನೇ ಹೇಳಿದಳು, ಕೆಮ್ಮಿನ ನಡುವೆ. ಉಳಿದ ಆಳುಗಳು ಹೊಗೆ ತಡೆಯಲಾರದೆ ಗಾಳಿಯ ಕಡೆಗೆ ಸರಿದು ಕಣ್ಣು ಒರೆಸಿಕೊಳ್ಳುತ್ತ ನಿಂತರು. ಚೆಲುವ ಒಳಗೆ ನುಗ್ಗಲು ನೋಡಿದ, ಆಗಲಿಲ್ಲ. ಮುಪ್ಪಿನ ಕಾಲಿನಲ್ಲಿ ಬಿದ್ದು ಎದ್ದು ಇಳಿಜಾರು ಓಡಿದ. “ಅವರು ಅಚ್ಚುಗನ್ನ ಕೇಳ್ತಾವರೆ ಬುದ್ದಿ, ಅವನು ಬರದೆ ಏಳಲ್ಲ” ಎಂದು ಮುದ್ದರಸನ ಕಾಲು ಹಿಡಿದ. ಮುದ್ದರಸನ ನಗು ಆಗ ಮೊದಲ ಬಾರಿಗೆ ನಿಂತಿತು. ಹೆಣಗಳು ಕಲ್ಲು ಹೊರುವುದಿಲ್ಲ ಎಂಬುದು ಅವನಿಗೂ ಗೊತ್ತು. “ಬಿಚ್ರೋ ಅವನ್ನ” ಎಂದ.

ಅಚ್ಚುಗ ಬೆಟ್ಟ ಹತ್ತಿ ಓಡಿದ. ಎಷ್ಟೋ ಜನರನ್ನು ದಾಟಿಸಿದ ದಾರಿ ಅದು, ಕಣ್ಣು ಮುಚ್ಚಿ ಹತ್ತಬಲ್ಲ ದಾರಿ. ಹೊಡೆತದಿಂದ ಊದಿದ ಕಾಲು, ಒಣಗಿದ ಬಾಯಿ. “ಬಂದೆ, ಬಂದೆ” ಎಂದು ದಾರಿಯುದ್ದಕ್ಕೂ ಕೂಗುತ್ತಲೇ ಓಡಿದನಂತೆ. ಕಣಿವೆ ಮುಟ್ಟಿದಾಗ ಇಳಿಹೊತ್ತು. ಹುಲ್ಲು ಉರಿದು ಮುಗಿದಿತ್ತು, ಹೊಗೆ ತೆಳುವಾಗಿತ್ತು. ನೇರಳೆ ಕೊಂಬೆಯ ಎಲೆಗಳು ಬಾಡಿದ್ದವು, ಆದರೆ ಒಂದೂ ಮುರಿದಿರಲಿಲ್ಲ. ಅವನು ಅದನ್ನು ಎತ್ತಿದ. ಎತ್ತಿ ಬದಿಗಿಟ್ಟು, ಒಬ್ಬೊಬ್ಬರ ಹೆಸರು ಹಿಡಿದು ಕರೆದ: ಬೇದಿ, ಅಕ್ಕಯ್ಯ, ದೊಡ್ಡಪ್ಪ... ಮಕ್ಕಳನ್ನು ಅವರ ಅಡ್ಡಹೆಸರು ಹಿಡಿದು ಕರೆದ. ದಾರಿ ಬಿಟ್ಟಾಯಿತು, ಬನ್ನಿ ಎಂದ. ಅವರು ಸಾಲಾಗಿ ಬಂಡೆಗೆ ಒರಗಿ ಕುಳಿತೇ ಇದ್ದರು. ದೊಡ್ಡವರ ಮಡಿಲಲ್ಲಿ ಮಕ್ಕಳ ಮುಖಕ್ಕೆ ಸೆರಗು ಮುಚ್ಚಿತ್ತು. ಒಬ್ಬರೂ ಏಳಲಿಲ್ಲ.

ಆಮೇಲೆ ಏನಾಯಿತು ಎಂಬುದಕ್ಕೆ ಹಲವು ಕಥೆಗಳಿವೆ. ಮುದ್ದರಸನಿಗೆ ಕುಷ್ಠ ಹತ್ತಿತು, ಅವನ ವಂಶ ನಿರ್ವಂಶವಾಯಿತು ಎಂದು ಕೆಲವರು ಹೇಳುತ್ತಾರೆ. ಅದು ನಮ್ಮ ಸಮಾಧಾನಕ್ಕೆ ನಾವೇ ಹೇಳಿಕೊಂಡದ್ದು. ಮುದ್ದರಸನಿಗೆ ಏನೂ ಆಗಲಿಲ್ಲ. ಕೋಟೆ ಮುಗಿದ ಮೇಲೆ ಅವನಿಗೆ ಒಂದು ಊರು ಇನಾಮಾಗಿ ಸಿಕ್ಕಿತು, ಮೊಮ್ಮಕ್ಕಳನ್ನು ಕಂಡು ಹಾಸಿಗೆಯ ಮೇಲೆ ಸತ್ತ. ಅಚ್ಚುಗ ಜೇನರೆಯಿಂದ ಹಾರಿ ಸತ್ತನೆಂದೂ ಹೇಳುತ್ತಾರೆ. ಅದೂ ಸುಳ್ಳು. ಅವನು ಬದುಕಿದ. ಸತ್ತವರನ್ನು ಗವಿಯಲ್ಲೇ ಮಣ್ಣು ಮಾಡಿದ, ಚೆಲುವ ಜೊತೆಗಿದ್ದ. ಬೇರೆ ಪೋಡುಗಳಿಂದ ಜನ ಬಂದು ಅವನನ್ನು ಕರೆದೊಯ್ದರು. ಅವರಾರೂ ಅವನನ್ನು ದೂರಲಿಲ್ಲ. ದೂರಿದ್ದರೆ ಅವನಿಗೆ ಹಗುರಾಗುತ್ತಿತ್ತೋ ಏನೋ.

ಮಳೆಗಾಲ ಕಳೆದು ವ್ಯಾಪಾರಿಗಳು ಮತ್ತೆ ಬುಡಕ್ಕೆ ಬಂದು ಕೂಗು ಹಾಕಿದರು. ಅವನು ಬಂದ. ದಾರಿಯಲ್ಲಿ ಮಾತಿಲ್ಲ, ತಮಾಷೆಯಿಲ್ಲ. ಆನೆಗೆಂದು ಬಂಡೆಗೆ ಮಚ್ಚಿನ ಹಿಡಿ ಬಡಿಯುತ್ತ ನಡೆಯುತ್ತಿದ್ದ. ಮೊದಲ ಕವಲು ಬಂದಾಗ ಅವನು ಕೊಂಬೆ ಕಡಿಯಲಿಲ್ಲ. ಹೋಗಬಾರದ ದಾರಿಯ ಬಾಯಲ್ಲಿ ತಾನೇ ಅಡ್ಡ ನಿಂತ. ವ್ಯಾಪಾರಿಗಳು, ಎತ್ತುಗಳು, ಕೊನೆಯಲ್ಲಿ ಕುಂಟುತ್ತ ಬರುವವನು, ಎಲ್ಲರೂ ದಾಟುವವರೆಗೆ ನಿಂತ. ಆಮೇಲೆ ಎಲ್ಲರನ್ನೂ ಹಾದು ಮುಂದೆ ಓಡಿದ. ಮುಂದಿನ ಕವಲಿನಲ್ಲಿ ಮತ್ತೆ ಹಾಗೆಯೇ. “ಇದೇನಪ್ಪಾ, ಒಂದು ಕೊಂಬೆ ಎಸೆದು ನಡಿಯೋದು ಬಿಟ್ಟು!” ಎಂದು ಒಬ್ಬ ಬೈದ. ಅಚ್ಚುಗ ನಿಂತಲ್ಲಿಂದ ಕದಲದೆ, “ಸೊಪ್ಪಿಗೆ ಕಣ್ಣಿಲ್ಲ ಶೆಟ್ಟರೆ” ಎಂದ. ಅವನು ಆ ಬಗ್ಗೆ ಆಡಿದ ಮಾತು ಬದುಕಿನಲ್ಲಿ ಅದೊಂದೇ ಎನ್ನುತ್ತಾರೆ. ಅವನನ್ನು ನೋಡಿ ಬೇರೆ ಪೋಡುಗಳ ದಾರಿಯವರೂ ಕೊಂಬೆ ಕಡಿಯುವುದನ್ನು ಬಿಟ್ಟರು. ಕಣಿವೆಗೆ ಅಡ್ಡಸೊಪ್ಪಿನ ಹೆಸರು ನಿಂತದ್ದು, ಆ ಬೆಟ್ಟದಲ್ಲಿ ಅಡ್ಡಸೊಪ್ಪು ಹಾಕುವುದೇ ನಿಂತ ಮೇಲೆ.

ಈಗ ಆ ಪೋಡುಗಳೂ ಕಾಡಿನಲ್ಲಿಲ್ಲ. ಕಾಡು ಉಳಿಸುತ್ತೇವೆಂದು ಹೇಳಿದವರು ಅವರನ್ನು ಇಳಿಸಿ ರಸ್ತೆಯ ಪಕ್ಕ ತಗಡಿನ ಮನೆಗಳಲ್ಲಿ ಕೂಡಿಹಾಕಿದ್ದಾರೆ. ಹತ್ತಲು ಅವರಿಗಿರುವ ಹಕ್ಕು ಒಂದೇ: ಪ್ರವಾಸಿಗಳಿಗೆ ದಾರಿ ತೋರಿಸುವುದು. ಅದಕ್ಕೆ ಹಸಿರು ಅಂಗಿಯೊಂದನ್ನು ಕೊಟ್ಟಿದ್ದಾರೆ, ಹಲಗೆಯ ಮೇಲಿನ ಋಷಿಯ ಕಥೆಯನ್ನೇ ಹೇಳಬೇಕೆಂದು ತಾಕೀತು ಮಾಡಿದ್ದಾರೆ. ಅವರು ಅದನ್ನು ಹೇಳುವುದಿಲ್ಲ, ಓದಿಕೊಳ್ಳಿ ಎಂದು ಬೆರಳು ತೋರಿಸುತ್ತಾರೆ. ಆದರೆ ಕಣಿವೆಗೆ ಹೋದವರು ಕಣ್ಣಿದ್ದರೆ ಒಂದನ್ನು ನೋಡಬಹುದು. ಕವಲು ಬಂದೊಡನೆ ಹಸಿರು ಅಂಗಿಯವನು ಮುಂದಿನಿಂದ ಸರಿದು ಜೇನರೆಯ ಸಂದಿಯ ಬಾಯಿಗೆ ಬಂದು ನಿಲ್ಲುತ್ತಾನೆ. ನಿಲ್ಲುವ ಮೊದಲು ಒಮ್ಮೆ ಒಳಕ್ಕೆ ತಿರುಗಿ ಯಾರಿದ್ದಾರೆಂದು ಕೂಗುತ್ತಾನೆ, ಉತ್ತರಕ್ಕೆ ಕಾಯುತ್ತಾನೆ. ಆಮೇಲೆ ಬಿಸಿಲಿರಲಿ, ಗಾಳಿಯಿರಲಿ, ಹಾಗೇ ನಿಂತಿರುತ್ತಾನೆ. ಜನ ಫೋಟೋ ತೆಗೆಯುತ್ತಾರೆ, ಹರಟುತ್ತಾರೆ, ಅವನಿಗೆ ದಣಿವಾಗಿದೆಯೆಂದು ತಿಳಿದು, “ಏನಪ್ಪಾ, ಸುಸ್ತಾಯ್ತಾ?” ಎಂದು ನಗುತ್ತಾರೆ.

“ಇಲ್ಲ ಸ್ವಾಮಿ” ಎನ್ನುತ್ತಾನೆ ಅವನು. “ಹಿಂದೆ ಇನ್ನೂ ಜನ ಅವರೆ. ನೀವು ನಡೀರಿ.”